ಚಿತ್ರಶಾಲೆಯ ತೆರೆಮರೆಯವರು

ನಮ್ಮ ನಾಡಿನ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಪರಿಚಿತವಾದುದು. ಮೊದಲಲ್ಲಿ ದೇವತಾಸ್ತುತಿ, ಆಮೇಲೆ ಅರಸನ ಬಿರುದಾವಳಿ, ಅನಂತರ ದಾನಿಯ ವಂಶ, ದತ್ತಿಯ ಭೂಮಿಯ ಎಲ್ಲೆ, ಅದನ್ನು ಕೆಡಿಸಿದವರಿಗೆ ಶಾಪ. ಇವೆಲ್ಲ ಮುಗಿದ ಮೇಲೆ, ಕೆಲವು ಕಲ್ಲುಗಳ ತಳಭಾಗದಲ್ಲಿ, ಒಂದೇ ಒಂದು ಸಾಲು ಕಾಣುತ್ತದೆ: ಬರೆದವನ ಹೆಸರು, ಕಂಡರಿಸಿದವನ ಹೆಸರು. ಎಷ್ಟೋ ಕಲ್ಲುಗಳಲ್ಲಿ ಅದೂ ಇಲ್ಲ. ಆದರೆ ಆ ಕೊನೆಯ ಸಾಲಿನವನು ತನ್ನ ಕೆಲಸವನ್ನು ನೆಟ್ಟಗೆ ಮಾಡದೆ ಹೋಗಿದ್ದರೆ, ಮೊದಲ ಸಾಲಿನ ಅರಸನೂ ನಡುವಿನ ದಾನಿಯೂ ಇಂದು ನಮ್ಮ ಪಾಲಿಗೆ ಇಲ್ಲದವರೇ ಆಗುತ್ತಿದ್ದರು.

ವಸ್ತುಸಂಗ್ರಹಾಲಯಗಳ ಮಾತೂ ಇದೇ. ಚಿತ್ರಶಾಲೆಯೊಂದನ್ನು ನೋಡಿ ಬಂದವರು ಚಿತ್ರಕಾರನ ಹೆಸರನ್ನು ನೆನಪಿಡುತ್ತಾರೆ. ಚಿತ್ರವನ್ನು ಕಾಣಿಕೆಯಾಗಿ ಕೊಟ್ಟ ಮಹನೀಯರ ಹೆಸರು ಗೋಡೆಯ ಫಲಕದಲ್ಲಿರುತ್ತದೆ. ಆ ಚಿತ್ರವು ಕೆಡದೆ, ಕಳೆಯದೆ, ತನ್ನ ಹೆಸರಿನಿಂದಲೇ ಅಲ್ಲಿ ನಿಂತಿರುವುದಕ್ಕೆ ಕಾರಣರಾದ ಸಿಬ್ಬಂದಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅಂಥವರ ಬಾಳು ಹೇಗಿರುತ್ತದೆ, ಅವರ ಕೆಲಸದ ಬೆಲೆ ಎಷ್ಟು ಎಂಬುದನ್ನು ಪ್ಯಾರಿಸ್ ನಗರದ ಒಂದು ಸಣ್ಣ ಚಿತ್ರಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಸಂಗತಿಯ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಆ ಕೆಲಸದ ಸ್ವರೂಪವನ್ನು ತಿಳಿಯೋಣ. ದೊಡ್ಡ ಸಂಗ್ರಹಾಲಯಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವಿಭಾಗವಿರುತ್ತದೆ. ಸಣ್ಣ ಚಿತ್ರಶಾಲೆಯಲ್ಲಿ ಪತ್ರಗಳಿಗೆ ಉತ್ತರ ಬರೆಯುವವರೇ ಚಿತ್ರಗಳ ಪಟ್ಟಿಯನ್ನೂ ಸಿದ್ಧಪಡಿಸಬೇಕು. ಮಳೆ ಬಂದು ಸೂರು ಸೋರಿದರೆ ಪಾತ್ರೆ ಹಿಡಿದು ಓಡಬೇಕಾದವರೂ ಅವರೇ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಬ್ಬರು ಕೋಣೆ ಕೋಣೆಯನ್ನೂ ಸುತ್ತಿ, ನಿನ್ನೆ ಸಂಜೆ ಇದ್ದುದೆಲ್ಲ ಇಂದೂ ಇದೆಯೇ ಎಂದು ಎಣಿಸುತ್ತಾರೆ. ಗೋಡೆಯಲ್ಲಿ ಹೊಸ ತೇವದ ಕಲೆ ಮೂಡಿದೆಯೇ, ಚೌಕಟ್ಟಿನ ಕೆಳಗೆ ಮರದ ಹುಡಿ ಬಿದ್ದಿದೆಯೇ ಎಂದು ನೋಡುತ್ತಾರೆ. ಹುಡಿ ಬಿದ್ದಿದ್ದರೆ ಒಳಗೆ ಹುಳು ಕೊರೆಯುತ್ತಿದೆ ಎಂದು ಅರ್ಥ. ನೀರುಬಣ್ಣದ ಚಿತ್ರಗಳ ಮೇಲೆ ಸುಮಾರು 50 ಲಕ್ಸ್ ಪ್ರಮಾಣಕ್ಕಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಇಂದು ಬಹುಮಟ್ಟಿಗೆ ಎಲ್ಲೆಡೆಯೂ ಒಪ್ಪಿದ ನಿಯಮ; ತೈಲಚಿತ್ರಗಳಿಗೆ ಅದರ ಮೂರು ನಾಲ್ಕು ಪಟ್ಟು ಸಲ್ಲುತ್ತದೆ. ಬೆಳಕು ತಿಂದ ಬಣ್ಣ ಮರಳಿ ಬರುವುದಿಲ್ಲವಾದ್ದರಿಂದ ಈ ಜಿಪುಣತನ ಅನಿವಾರ್ಯ. ಗಾಳಿಯ ತೇವ ಒಮ್ಮೆಲೇ ಏರಿ ಇಳಿದರೆ ಚಿತ್ರದ ಬಟ್ಟೆ ಸಡಿಲಗೊಂಡು ಬಿಗಿದು ಮೇಲಿನ ಬಣ್ಣ ಬಿರಿಯುತ್ತದೆ. ಹಲಗೆಯ ಮೇಲೆ ಬರೆದ ಚಿತ್ರವಾದರೆ ಹಲಗೆಯೇ ಬಾಗುತ್ತದೆ. ಚಿತ್ರವನ್ನು ಚೌಕಟ್ಟಿನ ಮೇಲ್ಪಟ್ಟಿ ಹಿಡಿದು ಎತ್ತಬಾರದು. ಒಂದು ಕೈ ಅಡಿಯಲ್ಲಿ, ಒಂದು ಕೈ ಪಕ್ಕದಲ್ಲಿ ಇರಬೇಕು. ಎಲ್ಲಿ ಇಳಿಸಬೇಕೆಂಬುದು ಎತ್ತುವ ಮೊದಲೇ ನಿಶ್ಚಯವಾಗಿರಬೇಕು.

ಈ ಎಲ್ಲ ಕೆಲಸಗಳ ತಾಯಿಬೇರು ದಾಖಲೆಯ ಪುಸ್ತಕ. ಚಿತ್ರವೊಂದು ಬಾಗಿಲೊಳಗೆ ಬಂದ ಕೂಡಲೇ ಅದಕ್ಕೆ ಒಂದು ಸಂಖ್ಯೆ ಬೀಳಬೇಕು. ಬರೆದವರಾರು, ಅಳತೆ ಎಷ್ಟು, ಯಾರಿಂದ ಬಂತು, ಯಾವ ದಿನ ಬಂತು, ಬಂದಾಗ ಯಾವ ಸ್ಥಿತಿಯಲ್ಲಿತ್ತು ಎಂಬುದೆಲ್ಲವನ್ನೂ ಆ ಸಂಖ್ಯೆಯ ಎದುರಿಗೆ ಬರೆಯಬೇಕು. ನೋಡುವವರು ಚಿತ್ರದ ಮುಖವನ್ನು ನೋಡಿದರೆ ಸಿಬ್ಬಂದಿಯವರು ಮೊದಲು ಅದರ ಬೆನ್ನನ್ನು ನೋಡುತ್ತಾರೆ. ಹಳೆಯ ಮಾರಾಟಗಾರರ ಚೀಟಿ, ಸಂಗ್ರಾಹಕರ ಮುದ್ರೆ, ಹಿಂದಿನ ಪ್ರದರ್ಶನಗಳ ಅಂಕಿ ಇವೆಲ್ಲ ಅಲ್ಲಿರುತ್ತವೆ. ಓಲೆಯ ಗ್ರಂಥಗಳನ್ನು ಪರಿಶೋಧಿಸಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಗರಿ ಕಳೆದುಹೋದ ಓಲೆಯ ಕಟ್ಟೊಂದು ಕೈಗೆ ಬಂದಾಗ, ಪಠ್ಯ ಎಷ್ಟೇ ಶುದ್ಧವಾಗಿರಲಿ, ಇದನ್ನು ಪ್ರತಿ ಮಾಡಿದವರಾರು, ಯಾವ ಊರಿನಲ್ಲಿ, ಯಾರಿಗಾಗಿ ಎಂದು ತಿಳಿಯದೆ ತಲ್ಲಣಗೊಳ್ಳುತ್ತೇವೆ. ಬೆನ್ನಿನ ಗುರುತು ಅಳಿದ ಚಿತ್ರವೂ ಅಂಥದೇ ಅನಾಥ.

ಇನ್ನು ನಮ್ಮ ಚಿತ್ರಶಾಲೆಗೆ ಬರೋಣ. ಪ್ಯಾರಿಸ್ಸಿನ ತ್ವೀಲ್ರಿ ಉದ್ಯಾನದ ಒಂದು ಮೂಲೆಯಲ್ಲಿ, ಕಾಂಕಾರ್ಡ್ ಚೌಕಕ್ಕೆ ಮುಖಮಾಡಿ, ಉದ್ದನೆಯ ಒಂದು ಕಟ್ಟಡವಿದೆ. ಹೆಸರು ಜ್ಯೂ ದ ಪೋಮ್. ಅಂಗೈಯಾಟ ಎಂದು ಅದರ ಅರ್ಥ. ಟೆನಿಸ್ಸಿನ ಪೂರ್ವಜನೆನ್ನಬಹುದಾದ ಚೆಂಡಿನಾಟವನ್ನು ಆಡುವುದಕ್ಕಾಗಿ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, 1861ರಲ್ಲಿ, ಇದನ್ನು ಕಟ್ಟಿದರು. ಮುಂದೆ ಆಟ ನಿಂತು ಚಿತ್ರಪ್ರದರ್ಶನಗಳು ನಡೆಯತೊಡಗಿದವು. 1922ರಿಂದ ಅದು ಪರದೇಶಗಳ ಸಮಕಾಲೀನ ಚಿತ್ರಕಾರರ ಕೃತಿಗಳ ಸಂಗ್ರಹಾಲಯವಾಯಿತು. ಸಮೀಪದಲ್ಲೇ ಇರುವ ಲೂವ್ರ್ ಅರಮನೆಯ ಮುಂದೆ ಇದು ಒಂದು ಹೊರಕೋಣೆಯಂತೆ.

ಇಲ್ಲಿಗೆ 1932ರಲ್ಲಿ ರೋಸ್ ವಲಾಂ ಎಂಬ ಮಹಿಳೆ ಸ್ವಯಂಸೇವಕಿಯಾಗಿ ಬಂದಳು. ಆಕೆ 1898ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಕಮ್ಮಾರನ ಮಗಳಾಗಿ ಹುಟ್ಟಿದವಳು. ಮೊದಲು ಶಾಲಾ ಉಪಾಧ್ಯಾಯಿನಿಯಾಗುವ ಶಿಕ್ಷಣವನ್ನು ಪಡೆದು, ಅನಂತರ ಲಿಯೋನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಚಿತ್ರಕಲೆಯನ್ನೂ ಕಲೆಯ ಇತಿಹಾಸವನ್ನೂ ಅಭ್ಯಾಸಮಾಡಿದಳು. ಇಷ್ಟು ವಿದ್ಯೆಯಿದ್ದರೂ ಕಾಯಂ ಹುದ್ದೆ ದೊರೆಯಲಿಲ್ಲ. ಪ್ರದರ್ಶನಗಳ ಪಟ್ಟಿ ತಯಾರಿಸುವುದು, ಪತ್ರವ್ಯವಹಾರ ನೋಡುವುದು ಮುಂತಾದ ಕೆಲಸಗಳಲ್ಲಿ ಒಂಬತ್ತು ವರ್ಷ ಕಳೆದ ಮೇಲೆ, 1941ರಲ್ಲಿ, ಆಕೆಗೆ ಸಂಬಳದ ಕೆಲಸವಾಯಿತು. ನೋಡುವುದಕ್ಕೆ ತೀರ ಸಾಮಾನ್ಯಳು, ಮಿತಭಾಷಿಣಿ, ಉಡುಗೆಯಲ್ಲಿ ಸರಳೆ. ಕಂಡವರು ಮರುಕ್ಷಣ ಮರೆಯಬಹುದಾದ ವ್ಯಕ್ತಿ. ಈ ಗುಣವೇ ಮುಂದೆ ಆಕೆಯ ಕವಚವಾಯಿತು.

1939ರಲ್ಲಿ ಯುದ್ಧ ಸನ್ನಿಹಿತವಾದಾಗ ಫ್ರಾನ್ಸಿನ ರಾಷ್ಟ್ರೀಯ ಸಂಗ್ರಹಾಲಯಗಳ ಅಧಿಕಾರಿ ಜಾಕ್ ಜೋಜಾರ್ ಅವರು ಲೂವ್ರಿನ ಕೃತಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ದೂರದ ಕೋಟೆಮನೆಗಳಿಗೆ ಸಾಗಿಸಿದರು. 1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ಸನ್ನು ಹೊಕ್ಕಿತು. ಸಾರ್ವಜನಿಕ ಸಂಗ್ರಹಗಳಿಗೆ ಸದ್ಯಕ್ಕೆ ಕೇಡಾಗಲಿಲ್ಲ. ಆಪತ್ತು ಬಂದುದು ಯೆಹೂದ್ಯರ ಮನೆಗಳಿಗೆ. ರೋಥ್‌ಚೈಲ್ಡ್, ದಾವಿದ್-ವೇಲ್ ಮೊದಲಾದ ಕುಟುಂಬಗಳ, ಪಾಲ್ ರೋಸೆನ್‌ಬರ್ಗ್ ಮೊದಲಾದ ಚಿತ್ರವ್ಯಾಪಾರಿಗಳ ಸಂಗ್ರಹಗಳನ್ನು ನಾತ್ಸಿಗಳು ಜಪ್ತಿ ಮಾಡತೊಡಗಿದರು. ಇದಕ್ಕಾಗಿಯೇ ಆಲ್ಫ್ರೆಡ್ ರೋಸೆನ್‌ಬರ್ಗ್ ಎಂಬ ನಾತ್ಸಿ ನಾಯಕನ ಹೆಸರಿನ ಒಂದು ಪಡೆಯಿತ್ತು. ದೋಚಿದವನಿಗೂ ದೋಚಿಸಿಕೊಂಡವನಿಗೂ ಒಂದೇ ಮನೆತನದ ಹೆಸರಿದ್ದುದು ಕಾಲದ ಕ್ರೂರ ವಿನೋದ. ದೋಚಿದ ಸೊತ್ತನ್ನು ಒಟ್ಟುಮಾಡಿ ವಿಂಗಡಿಸುವುದಕ್ಕೆ ಆ ಪಡೆಯವರು ಜ್ಯೂ ದ ಪೋಮ್ ಕಟ್ಟಡವನ್ನು ತೆಗೆದುಕೊಂಡರು. 1940ರ ಶರತ್ಕಾಲದಲ್ಲಿ ನಾನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಲಾರಿಗಳಲ್ಲಿ ಬಂದು ಇಳಿದವು.

ಏನೇ ಆಗಲಿ ಸ್ಥಳ ಬಿಟ್ಟು ಕದಲಬಾರದೆಂದು ಜೋಜಾರ್ ಅವರು ರೋಸ್ ವಲಾಂಗೆ ಆಜ್ಞಾಪಿಸಿದ್ದರು. ಬಂದ ವಸ್ತುಗಳಿಗೆಲ್ಲ ಫ್ರೆಂಚರ ಕಡೆಯಿಂದಲೂ ಒಂದು ಪಟ್ಟಿಯಾಗಬೇಕೆಂಬುದು ಅವರ ಬೇಡಿಕೆ. ಆಕೆ ಪುಸ್ತಕ ಹಿಡಿದು ಬರೆಯಲಾರಂಭಿಸಿದಳು. ಕೆಲಕಾಲದಲ್ಲೇ ಜರ್ಮನ್ ಅಧಿಕಾರಿಯೊಬ್ಬ ಬಂದು ಆ ಪುಸ್ತಕವನ್ನು ಮುಚ್ಚಿಸಿದ. ಅಂದಿನಿಂದ ಬಹಿರಂಗವಾಗಿ ಬರೆಯುವಂತಿಲ್ಲ. ಕಟ್ಟಡದ ದೀಪ, ಕೊಳಾಯಿ, ಕಾವಲು, ಚೊಕ್ಕಟಗಳನ್ನು ನೋಡಿಕೊಳ್ಳುವ ನಿರಪಾಯದ ಹೆಂಗಸಾಗಿ ಮಾತ್ರ ಆಕೆ ಅಲ್ಲಿ ಉಳಿಯಬಹುದಾಗಿತ್ತು. ಆಕೆ ಹಾಗೆಯೇ ಉಳಿದಳು. ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಅಲ್ಲಿ ನಡೆಯುತ್ತಿದ್ದುದು ಹೊರನೋಟಕ್ಕೆ ಎಲ್ಲ ಸಂಗ್ರಹಾಲಯಗಳಲ್ಲಿ ನಡೆಯುವ ಕೆಲಸವೇ. ಪೆಟ್ಟಿಗೆ ಬಿಚ್ಚುವವರು, ಅಳೆಯುವವರು, ಛಾಯಾಚಿತ್ರ ತೆಗೆಯುವವರು, ಸಂಖ್ಯೆ ಹಾಕುವವರು ಎಲ್ಲರೂ ಇದ್ದರು. ದೋಚುವವರೂ ದಫ್ತರವನ್ನು ಕ್ರಮವಾಗಿ ಇಡುತ್ತಿದ್ದರು. ರೋಥ್‌ಚೈಲ್ಡರ ವಸ್ತುಗಳಿಗೆ ಆರ್ ಎಂಬ ಅಕ್ಷರ, ದಾವಿದ್-ವೇಲರ ವಸ್ತುಗಳಿಗೆ ಡಿ-ಡಬ್ಲ್ಯು, ಅದರ ಮುಂದೆ ಒಂದು ಅಂಕಿ. ಒಡೆಯರು ಯಾರೆಂದು ಗೊತ್ತಿಲ್ಲದ ವಸ್ತುಗಳಿಗೆ ಯು.ಎನ್.ಬಿ. ಎಂಬ ಗುರುತು, ‘ಅಜ್ಞಾತ’ ಎಂಬರ್ಥದ ಜರ್ಮನ್ ಪದದ ಮೊದಲಕ್ಷರಗಳು ಅವು. ಉತ್ತಮವಾದುವನ್ನು ಗೋಡೆಗೆ ತೂಗುಹಾಕಿ ಜರ್ಮನಿಯ ಮಹಾಮಂತ್ರಿಗಳಲ್ಲೊಬ್ಬನಾದ ಗೋರಿಂಗನಿಗೆ ತೋರಿಸುತ್ತಿದ್ದರು. ಆತ ಸುಮಾರು ಇಪ್ಪತ್ತು ಬಾರಿ ಅಲ್ಲಿಗೆ ಬಂದು ತನಗೂ ಹಿಟ್ಲರನಿಗೂ ಬೇಕಾದುದನ್ನು ಆರಿಸಿದ. ಡಚ್ ಚಿತ್ರಕಾರ ವರ್ಮೀರನು 1668ರಲ್ಲಿ ಬರೆದ ‘ಖಗೋಳಜ್ಞ’ ಎಂಬ ಚಿತ್ರ ಒಂದು ಮೊಳಕ್ಕಿಂತ ಸ್ವಲ್ಪ ದೊಡ್ಡದು. ರೋಥ್‌ಚೈಲ್ಡ್ ಮನೆತನದ ಈ ಚಿತ್ರ ಹಿಟ್ಲರನ ಪಾಲಿಗೆಂದು ಜರ್ಮನಿಗೆ ಹೋಯಿತು. ಅದರ ಬೆನ್ನಿಗೆ ನಾತ್ಸಿಗಳ ಸ್ವಸ್ತಿಕದ ಸಣ್ಣ ಕಪ್ಪು ಮುದ್ರೆ ಬಿತ್ತು.

ರೋಸ್ ವಲಾಂಗೆ ಜರ್ಮನ್ ಭಾಷೆ ತಿಳಿಯುತ್ತಿತ್ತು. ತಿಳಿಯುವುದೆಂಬ ಸಂಗತಿಯನ್ನು ಆಕೆ ನಾಲ್ಕು ವರ್ಷ ಯಾರಿಗೂ ತೋರಗೊಡಲಿಲ್ಲ. ಅಧಿಕಾರಿಗಳು ಆಕೆಯ ಎದುರಿನಲ್ಲೇ ಮಾತಾಡುತ್ತಿದ್ದರು. ಹಗಲು ಕೇಳಿದುದನ್ನು ರಾತ್ರಿ ಮನೆಯಲ್ಲಿ ಕುಳಿತು ಬರೆದಿಡುತ್ತಿದ್ದಳು. ಬೆರಳಚ್ಚಿನ ಕಾರ್ಬನ್ ಕಾಗದಗಳನ್ನು ಕಸದ ಬುಟ್ಟಿಯಿಂದ ಆಯ್ದು, ಅವುಗಳ ಮೇಲೆ ಮೂಡಿದ ಅಕ್ಷರಗಳನ್ನು ಓದಿ ಪ್ರತಿಮಾಡಿಕೊಳ್ಳುತ್ತಿದ್ದಳು. ಛಾಯಾಚಿತ್ರದ ನೆಗೆಟಿವ್‌ಗಳನ್ನು ಸಂಜೆ ಒಯ್ದು, ನಕಲು ಮಾಡಿಸಿ, ಬೆಳಿಗ್ಗೆ ಯಾರೂ ಬರುವ ಮೊದಲೇ ಸ್ವಸ್ಥಾನದಲ್ಲಿಡುತ್ತಿದ್ದಳು. ಪೆಟ್ಟಿಗೆ ಕಟ್ಟುವ ಆಳುಗಳು, ಲಾರಿಯ ಚಾಲಕರು, ಕಾವಲಿನವರು ಇವರೊಡನೆ ಆಡುವ ಲೋಕಾಭಿರಾಮದ ಮಾತುಗಳಲ್ಲಿ ಯಾವ ಪೆಟ್ಟಿಗೆ ಯಾವ ನಿಲ್ದಾಣಕ್ಕೆ ಹೋಯಿತೆಂಬುದನ್ನು ಅರಿಯುತ್ತಿದ್ದಳು. ಇವೆಲ್ಲ ಜೋಜಾರ್ ಅವರ ಕೈಸೇರುತ್ತಿದ್ದವು. ಗಮನಿಸಿದರೆ ಇದರಲ್ಲಿ ಗೂಢಚಾರ ವಿದ್ಯೆಗಿಂತ ಹೆಚ್ಚಾಗಿ ಇರುವುದು ದಾಖಲೆಗಾರ್ತಿಯ ಹಳೆಯ ಅಭ್ಯಾಸವೇ: ಏನು ಬಂತು, ಯಾರದು, ಎಲ್ಲಿಗೆ ಹೋಯಿತು.

ಅಪಾಯ ನಿತ್ಯದ್ದಾಗಿತ್ತು. ಕಳವು ನಡೆದಾಗ, ಅನುಮಾನ ಬಂದಾಗ ಆಕೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಹೊರಹಾಕಿದರು. ಪ್ರತಿ ಸಲವೂ ಕಟ್ಟಡದ ಉಸ್ತುವಾರಿಯ ನೆವದಿಂದ ಮರಳಿ ಬಂದಳು. ಗೋರಿಂಗನ ಪರವಾಗಿ ಚಿತ್ರಗಳನ್ನು ಆರಿಸುತ್ತಿದ್ದ ಬ್ರೂನೋ ಲೋಸೆ ಎಂಬವನು 1944ರಲ್ಲಿ ಒಮ್ಮೆ, ವಿಳಾಸಗಳನ್ನು ಓದುತ್ತಿದ್ದ ಆಕೆಯನ್ನು ಕಂಡುಹಿಡಿದು, ಗುಟ್ಟು ಹೊರಗೆ ಬಿದ್ದರೆ ಗುಂಡಿಗೆ ಬಲಿಯಾಗಬೇಕಾದೀತೆಂದು ಎಚ್ಚರಿಸಿದ. ಇಲ್ಲಿರುವವರಾರೂ ಅದನ್ನು ಅರಿಯದಷ್ಟು ಮೂಢರಲ್ಲವೆಂಬ ಅರ್ಥದ ಮಾತನ್ನು ಹೇಳಿ ಆಕೆ ತನ್ನ ಕೆಲಸಕ್ಕೆ ಹೋದಳು. ಅದಕ್ಕಿಂತ ಕಠಿನವಾದುದು ಸುಮ್ಮನೆ ನೋಡುತ್ತ ನಿಲ್ಲಬೇಕಾದ ಸಂದರ್ಭ. ನಾತ್ಸಿಗಳು ಹೊಸ ಶೈಲಿಯ ಚಿತ್ರಗಳನ್ನು ಅವನತಿಯ ಕಲೆಯೆಂದು ಹಳಿಯುತ್ತಿದ್ದರು. 1943ರ ಜುಲೈ ತಿಂಗಳಲ್ಲಿ ಅಂಥ ಐದು ಆರು ನೂರು ಚಿತ್ರಗಳನ್ನು ಕತ್ತರಿಸಿ ಉದ್ಯಾನದಲ್ಲಿ ಸುಟ್ಟರೆಂದು ಆಕೆ ಬರೆದಿಟ್ಟಿದ್ದಾಳೆ. ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಚರ್ಚೆಯುಂಟು. ಆದರೆ ಆ ಬೆಂಕಿಯ ಮಾತು ಇಂದು ಚರ್ಚೆಗಾದರೂ ದೊರೆತಿರುವುದು ಆಕೆ ಬರೆದಿಟ್ಟುದರಿಂದ.

ಆಕೆಯ ಬರಹದ ಪ್ರಯೋಜನ ಪ್ರತ್ಯಕ್ಷವಾಗಿ ಕಂಡುದು ಯುದ್ಧದ ಕೊನೆಯಲ್ಲಿ. 1944ರ ಆಗಸ್ಟ್ 1ರಂದು, ಮಿತ್ರಸೇನೆ ಸಮೀಪಿಸುತ್ತಿದ್ದಾಗ, ಉಳಿದಿದ್ದ ಆಧುನಿಕ ಚಿತ್ರಗಳನ್ನು 148 ಪೆಟ್ಟಿಗೆಗಳಲ್ಲಿ ತುಂಬಿ ಐದು ರೈಲು ವ್ಯಾಗನ್ನುಗಳಿಗೆ ಏರಿಸಿದರು. ಪಿಕಾಸೊ, ಬ್ರಾಕ್, ಸೆಜಾನ್, ರೆನ್ವಾ ಮೊದಲಾದವರ ಕೃತಿಗಳು ಅದರಲ್ಲಿದ್ದವು. ರೋಸ್ ವಲಾಂ ವ್ಯಾಗನ್ನುಗಳ ಅಂಕಿಗಳನ್ನೂ ಪೆಟ್ಟಿಗೆಗಳ ಅಂಕಿಗಳನ್ನೂ ಜೋಜಾರ್ ಅವರಿಗೆ ಒಪ್ಪಿಸಿದಳು; ಅವರು ರೈಲ್ವೆಯ ಪ್ರತಿಭಟನಕಾರರಿಗೆ ಸುದ್ದಿ ಮುಟ್ಟಿಸಿದರು. ಅದೇ ರೈಲಿಗೆ ಯೆಹೂದ್ಯರ ಮನೆಗಳಿಂದ ಕಿತ್ತುತಂದ ಮೇಜು ಕುರ್ಚಿಗಳನ್ನೂ ತುಂಬುವ ಆಸೆಯಿಂದ ಜರ್ಮನರೇ ತಡಮಾಡಿದರು. ಹೊರಟ ಮೇಲೆ ಒಂದಿಲ್ಲೊಂದು ತೊಡಕು ಒಡ್ಡಿ ರೈಲ್ವೆಯವರು ಅದನ್ನು ಪ್ಯಾರಿಸ್ಸಿನ ಅಂಚಿನಲ್ಲೇ ನಿಲ್ಲಿಸಿದರು. ಆಗಸ್ಟ್ 27ರಂದು ಫ್ರೆಂಚ್ ಸೈನಿಕರು ಓಲ್ನೆ ಎಂಬಲ್ಲಿ ಅದನ್ನು ವಶಪಡಿಸಿಕೊಂಡರು. ಆ ತುಕಡಿಯ ಅಧಿಕಾರಿ ಚಿತ್ರವ್ಯಾಪಾರಿ ಪಾಲ್ ರೋಸೆನ್‌ಬರ್ಗರ ಮಗನೇ ಆಗಿದ್ದನು. ಬಾಲ್ಯದಲ್ಲಿ ಮನೆಯ ಗೋಡೆಗಳ ಮೇಲೆ ಕಂಡಿದ್ದ ಚಿತ್ರಗಳು ಅವನಿಗೆ ರೈಲಿನ ಪೆಟ್ಟಿಗೆಗಳಲ್ಲಿ ದೊರೆತವು.

ಅದೇ ದಿನಗಳಲ್ಲಿ ರೋಸ್ ವಲಾಂಗೆ ದೊರೆತ ಸನ್ಮಾನ ಬೇರೆ ತೆರನಾದುದು. ಪ್ಯಾರಿಸ್ ಬಿಡುಗಡೆಯಾಗುವಾಗ ಚಿತ್ರಶಾಲೆಯ ಸುತ್ತ ಹೋರಾಟ ನಡೆಯಿತು. ನಾಲ್ಕು ವರ್ಷ ಜರ್ಮನರ ನಡುವೆ ಕೆಲಸಮಾಡಿದವಳೆಂಬ ಕಾರಣದಿಂದ ಆಕೆಯ ಮೇಲೆ ಸ್ವಜನರೇ ಸಂಶಯಪಟ್ಟರು. ಶತ್ರುಗಳನ್ನು ನೆಲಮಾಳಿಗೆಯಲ್ಲಿ ಅಡಗಿಸಿರುವೆಯೆಂದು ಹೇಳಿ, ಬೆನ್ನಿಗೆ ಬಂದೂಕು ಹಿಡಿದು, ಬಾಗಿಲು ತೆರೆಯಿಸಿ ನೋಡಿದರು. ತೆರೆಮರೆಯಲ್ಲಿ ದುಡಿಯುವವರ ಪಾಡು ಇದು. ಅವರ ಮೌನವೇ ಕೆಲವೊಮ್ಮೆ ಅವರ ಮೇಲಿನ ದೂರಾಗುತ್ತದೆ.

ಅನಂತರ ಅಮೆರಿಕದ ಸೈನ್ಯದೊಡನೆ ಬಂದಿದ್ದ ಜೇಮ್ಸ್ ರೋರಿಮರ್ ಎಂಬ ಸಂಗ್ರಹಾಲಯಾಧಿಕಾರಿಯ ಪರಿಚಯವಾಯಿತು. ಆಕೆ ಅವನನ್ನು ಬಹುಕಾಲ ಪರೀಕ್ಷಿಸಿದಳು. ಈತ ನಂಬತಕ್ಕವನೆಂದು ದೃಢವಾದ ಮೇಲೆ ತನ್ನ ಬರಹಗಳನ್ನೂ ಛಾಯಾಚಿತ್ರಗಳನ್ನೂ ಅವನ ಮುಂದಿಟ್ಟಳು. ಬವೇರಿಯದ ಬೆಟ್ಟದ ಮೇಲಿನ ನಾಯ್‌ಶ್ವಾನ್‌ಸ್ಟೈನ್ ಅರಮನೆಯೇ ಮುಖ್ಯ ಉಗ್ರಾಣವೆಂಬುದು ಅದರಿಂದ ತಿಳಿಯಿತು. 1945ರ ಮೇ ತಿಂಗಳಲ್ಲಿ ರೋರಿಮರ್ ಅಲ್ಲಿಗೆ ಹೋದಾಗ ದೋಚಿದ ವಸ್ತುಗಳೊಡನೆ ದೋಚಿದವರ ದಫ್ತರವೂ ಸಿಕ್ಕಿತು. ಆ ಪಡೆ ತಾನೇ 1944ರಲ್ಲಿ ಮಾಡಿದ ಲೆಕ್ಕದ ಪ್ರಕಾರ 203 ಖಾಸಗಿ ಸಂಗ್ರಹಗಳಿಂದ ತಂದ ವಸ್ತುಗಳು 21,903. ರೋಸ್ ವಲಾಂ ಫ್ರೆಂಚ್ ಸೇನೆಯ ಕ್ಯಾಪ್ಟನ್ ಪದವಿಯಲ್ಲಿ ಜರ್ಮನಿಗೆ ತೆರಳಿ, ಕೆಲವು ವರ್ಷ ಅಲ್ಲೇ ನಿಂತು, ಕಳೆದುಹೋದ ಕೃತಿಗಳನ್ನು ಹುಡುಕಿಸಿದಳು. ಒಟ್ಟು ಸುಮಾರು 60,000 ವಸ್ತುಗಳು ಫ್ರಾನ್ಸಿಗೆ ಮರಳಿದವು. ಅವುಗಳಲ್ಲಿ ಸುಮಾರು 45,000 ವಸ್ತುಗಳು 1950ರೊಳಗೆ ಒಡೆಯರ ಕೈಸೇರಿದವು. ವರ್ಮೀರನ ‘ಖಗೋಳಜ್ಞ’ ಆಸ್ಟ್ರಿಯದ ಉಪ್ಪಿನ ಗಣಿಯೊಂದರಲ್ಲಿ ದೊರೆತು ಮನೆಗೆ ಮರಳಿತು. ಮುಂದೆ ಫ್ರಾನ್ಸ್ ಸರ್ಕಾರಕ್ಕೆ ಸಂದು, 1983ರಿಂದ ಲೂವ್ರಿನಲ್ಲಿದೆ.

ಆದರೆ ಎಲ್ಲವೂ ಮನೆ ಸೇರಲಿಲ್ಲ. ಒಡೆಯರಾರೆಂದು ತಿಳಿಯದ ಎರಡು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದು ಫ್ರಾನ್ಸಿನ ಸಂಗ್ರಹಾಲಯಗಳ ವಶಕ್ಕೆ ಕೊಟ್ಟರು. ಸಂಗ್ರಹಾಲಯಗಳು ಅವುಗಳಿಗೆ ಒಡೆಯರಲ್ಲ, ಪಾಲಕರು ಮಾತ್ರ. ವಾರಸುದಾರರು ಪತ್ತೆಯಾದಂತೆ ಒಂದೊಂದಾಗಿ ಹಿಂದಿರುಗಿಸುತ್ತಿದ್ದಾರೆ. ಸಾರ್ವಜನಿಕ ಸಂಗ್ರಹಗಳೊಳಗೆ ಸೇರಿಹೋದ ಅಂಥ ವಸ್ತುಗಳನ್ನೂ ಹಿಂದಿರುಗಿಸಲು ಅನುಕೂಲವಾಗುವಂತೆ 2023ರಲ್ಲಿ ಅಲ್ಲಿ ಒಂದು ಕಾನೂನೇ ಆಗಿದೆ. ಒಡೆಯರಲ್ಲಿ ಎಷ್ಟೋ ಮಂದಿ ಮರಣಶಿಬಿರಗಳಿಂದ ಹಿಂದಿರುಗಲಿಲ್ಲ. ಅವರ ಮನೆಯಲ್ಲಿ ತೂಗುತ್ತಿದ್ದ ಒಂದು ಚಿತ್ರ, ಅದರ ಎದುರಿಗೆ ಬರೆದ ಅವರ ಹೆಸರು, ಅವರು ಬಾಳಿದ್ದರೆಂಬುದಕ್ಕೆ ಉಳಿದ ಸಾಕ್ಷಿ. ಆದುದರಿಂದ ಮುಚ್ಚಿಸಿದ ಪುಸ್ತಕವನ್ನು ಮನಸ್ಸಿನಲ್ಲೇ ತೆರೆದಿಟ್ಟುಕೊಂಡ ಆ ಮಹಿಳೆ ಕಾಪಾಡಿದುದು ಬಣ್ಣ ಬಟ್ಟೆಗಳನ್ನಷ್ಟೇ ಎಂದು ಹೇಳಲಾಗದು.

ರೋಸ್ ವಲಾಂಗೆ ಪದಕಗಳು ಬಂದವು. ಸಂಗ್ರಹಾಲಯದ ಅಧಿಕಾರಿಯ ಪೂರ್ಣ ಪದವಿ ಬಂದುದು 1950ರ ದಶಕದಲ್ಲಿ, ಸೇವೆಗೆ ಸೇರಿ ಇಪ್ಪತ್ತು ವರ್ಷಗಳಾದ ಮೇಲೆ. 1961ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಬರೆದಳು. ಅದನ್ನು ಆಧರಿಸಿ 1964ರಲ್ಲಿ ‘ದಿ ಟ್ರೇನ್’ ಎಂಬ ಚಲಚ್ಚಿತ್ರ ಬಂತು. ಅದರಲ್ಲಿ ರೈಲ್ವೆಯ ವೀರನದೇ ಕಥೆ. ಚಿತ್ರಶಾಲೆಯ ಹೆಂಗಸಿನ ಪಾತ್ರ ಕೆಲವು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಕೆ 1980ರಲ್ಲಿ ನಿಧನಳಾದಳು. ಜ್ಯೂ ದ ಪೋಮ್ ಕಟ್ಟಡದ ಗೋಡೆಯ ಮೇಲೆ ಆಕೆಯ ಹೆಸರಿನ ಫಲಕ ಬಂದುದು 2005ರಲ್ಲಿ. ಕೊನೆಯ ಸಾಲಿನ ಹೆಸರು ಅಂತೂ ಕಲ್ಲಿಗೆ ಏರಿತು.

ಶಾಲೆಯ ಸಂಚಿಕೆಯೊಂದರಲ್ಲಿ ಈ ದೂರದೇಶದ ವೃತ್ತಾಂತವೇಕೆ ಎಂದು ಕೇಳುವವರಿರಬಹುದು. ಯಾವ ಸಂಸ್ಥೆಯೇ ಆಗಲಿ ಕೊಡುವ ಕೈಗಳಿಂದ ಬೆಳೆಯುತ್ತದೆ, ಬರೆದಿಡುವ ಕೈಗಳಿಂದ ಉಳಿಯುತ್ತದೆ. ದಾನಿಗಳು ಕೊಟ್ಟ ಗ್ರಂಥ ಕಪಾಟಿನಲ್ಲಿದೆ. ಕೊಟ್ಟವರ ಹೆಸರನ್ನೂ ದಿನವನ್ನೂ ಬರೆದ ಪುಸ್ತಕ ಎಲ್ಲಿದೆ? ಹಳೆಯ ವಿದ್ಯಾರ್ಥಿಗಳ ಭಾವಚಿತ್ರ ಗೋಡೆಯ ಮೇಲಿದೆ. ಅದರ ಬೆನ್ನಿನ ಮೇಲೆ ಅವರ ಹೆಸರಿದೆಯೇ? ಈ ಪ್ರಶ್ನೆಗಳಿಗೆ ತಟ್ಟನೆ ಉತ್ತರ ಹೇಳಬಲ್ಲವರು ಸಾಮಾನ್ಯವಾಗಿ ಒಬ್ಬ ಗುಮಾಸ್ತರೋ, ಗ್ರಂಥಪಾಲಕರೋ, ಹಳೆಯ ಜವಾನರೋ ಆಗಿರುತ್ತಾರೆ. ಮುಂದಿನ ಸಲ ಇಂಥವರನ್ನು ಕಂಡಾಗ ನಾವು ಒಂದು ಗಳಿಗೆ ನಿಂತು ಅವರ ಕ್ಷೇಮವನ್ನು ವಿಚಾರಿಸಿದರೆ ಈ ಬರಹ ಸಾರ್ಥಕವಾದೀತು.